ದೃಷ್ಟಿ ಬೊಂಬೆಗೆ ನನ್ನ ಮುಖ

ಕಟ್ಟುತ್ತಿರುವ ಮನೆಯ ಮುಂದೆ ತೂಗುವ ದೃಷ್ಟಿ ಬೊಂಬೆಗೆ ಯಾರ ಮುಖವೂ ಇರುವುದಿಲ್ಲ. ಗುಡ್ಡೆಗಣ್ಣು, ಕೋರೆಹಲ್ಲು, ಹೊರಗೆ ಚಾಚಿದ ಕೆಂಪು ನಾಲಿಗೆ, ದಪ್ಪ ಮೀಸೆ. ಅಂಗಡಿಯಲ್ಲಿ ಸಿಗುವುದು ಇಷ್ಟೇ. ವಾಮಂಜೂರಿನ ಒಂದು ಮನೆಯ ಮುಂದೆ ಮಾತ್ರ ಎಂಟು ತಿಂಗಳ ಕಾಲ ನನ್ನ ಮುಖ ತೂಗಿತು. ಬರೆದವಳೂ ನಾನೇ, ತೂಗಹಾಕಿಸಿದವಳೂ ನಾನೇ. ಆ ಮನೆ ನನ್ನ ಒಬ್ಬನೇ ತಮ್ಮನದು. ಸೇಡಿಗಾಗಿಯೇ ಮಾಡಿದ್ದು. ಕಲೆ ಗಿಲೆ ಎಂದು ಈಗ ಅದಕ್ಕೆ ಶಾಲು ಹೊದಿಸಿ ಪ್ರಯೋಜನವಿಲ್ಲ.

ನಾನು ಹೈಸ್ಕೂಲಿನ ಡ್ರಾಯಿಂಗ್ ಟೀಚರ್. ಐವತ್ತು ದಾಟಿದೆ, ಮದುವೆಯಾಗಿಲ್ಲ, ಕುದ್ರೋಳಿಯಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ನನಗಿಂತ ಎಂಟು ವರ್ಷ ಚಿಕ್ಕವನಾದ ತಮ್ಮ ದುಬೈ ಬಿಟ್ಟು ಹೆಂಡತಿ ಮಗಳ ಜೊತೆ ಊರಿಗೆ ಬಂದ. ವಾಮಂಜೂರಿನಲ್ಲಿ, ಮೊನ್ನೆಮೊನ್ನೆಯವರೆಗೆ ಗದ್ದೆಯಾಗಿದ್ದ ಜಾಗದಲ್ಲಿ ಮನೆಗೆ ಕೈ ಹಾಕಿದ. ಅಲ್ಲಿಂದ ನಮ್ಮ ಕಥೆ ಶುರು. ನಮ್ಮ ಮನೆಯ ಜಗಳಗಳೆಲ್ಲ ತುಳುವಿನಲ್ಲೇ ಆಗುವುದು. ಬರೆಯುವಾಗ ಕನ್ನಡಕ್ಕೆ ಬಂದಿವೆ, ಖಾರ ಒಂದಿಷ್ಟು ಇಳಿದಿದ್ದರೆ ಕ್ಷಮೆ ಇರಲಿ.

ಏಪ್ರಿಲ್‌ನ ಒಂದು ಭಾನುವಾರ ಮನೆ ನೋಡಲು ಹೋದೆ. ಮುಂಬಾಗಿಲ ಮೇಲೆ ಹೊಸದಾಗಿ ಸನ್‌ಶೇಡ್ ಹಾಕಿದ್ದರು. ಚಂದ ಕಂಡಿತು, ಚಂದ ಉಂಟು ಎಂದೆ. ಚಂದ ಇದ್ದದ್ದನ್ನು ಚಂದ ಎನ್ನುವುದು ನನ್ನ ಕಸುಬು. ಮಕ್ಕಳ ಡ್ರಾಯಿಂಗ್ ಪುಸ್ತಕದಲ್ಲಿ ದಿನಕ್ಕೆ ನೂರು ಸಲ ಅದನ್ನೇ ಬರೆಯುತ್ತೇನೆ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಆ ಸನ್‌ಶೇಡ್ ದೊಪ್ಪನೆ ಕೆಳಗೆ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಎರಡು ದಿನ ಬಿಟ್ಟು ತಮ್ಮ ಕುದ್ರೋಳಿಗೆ ಬಂದ. ಚಹಾ ಕೊಟ್ಟೆ. ಲೋಟವನ್ನು ತಿರುಗಿಸುತ್ತಾ ಕುಳಿತ.

“ಅಕ್ಕ, ಬೇಸರ ಮಾಡ್ಬೇಡ. ಮನೆ ಮುಗಿಯುವವರೆಗೆ ನೀನು ಆ ಕಡೆ ಬರುವುದು ಬೇಡ.”

“ಯಾಕೆ?”

“ಮನೆಯವಳಿಗೆ ಒಂದು ನಂಬಿಕೆ. ನೀನು ಹೊಗಳಿದ ಮರುದಿನವೇ ಬಿತ್ತಲ್ಲ. ಆವತ್ತು ಮಗಳ ಕೂದಲು ಚಂದ ಉಂಟು ಅಂದಿದ್ದಿ, ಮಗುವಿಗೆ ಒಂದು ವಾರ ಜ್ವರ ಬಂತು.”

“ನನ್ನ ಕಣ್ಣು ಕೆಟ್ಟದು ಅಂತ ಹೇಳ್ಲಿಕ್ಕೆ ಬಂದದ್ದಾ ನೀನು?”

“ನಾನು ಹೇಳುವುದಲ್ಲ ಅಕ್ಕ. ಮಕ್ಕಳು ಮರಿ ಇಲ್ಲದವರ ಕಣ್ಣು ಸ್ವಲ್ಪ ಬೇಗ ತಾಗ್ತದಂತೆ. ಅವಳ ಅಮ್ಮನೂ ಹಾಗೇ ಹೇಳಿದ್ರು.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನ್ನ ತಮ್ಮ ಹುಟ್ಟಿದಾಗಿನಿಂದಲೂ ಹಾಗೆಯೇ. ನಾನು ಲೋಟ ಕಿತ್ತುಕೊಂಡು ಒಳಗೆ ಹೋದೆ, ಅರ್ಧ ಚಹಾ ಅವನ ಪ್ಯಾಂಟಿನ ಮೇಲೆ ಚೆಲ್ಲಿತು. ಚೆಲ್ಲಲಿ ಎಂದೇ ಕಿತ್ತುಕೊಂಡದ್ದು. ಅವನು ಹೋದ ಮೇಲೆ ಪಾತ್ರೆಗಳನ್ನೆಲ್ಲ ಎರಡೆರಡು ಸಲ ತೊಳೆದೆ. ಅಮ್ಮನಿಗೆ ಮೂರು ವರ್ಷ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಅವರ ಮುಖ ನೋಡುತ್ತಾ ಕುಳಿತದ್ದು ಇದೇ ಕಣ್ಣು. ಆಗ ದುಬೈಯಲ್ಲಿದ್ದವರಿಗೆ ಈ ಕಣ್ಣಿನ ಭಯ ಇರಲಿಲ್ಲ. ನನಗೆ ಬೇಕಾದದ್ದು ಒಂದೇ ಆಗಿತ್ತು. ‘ನಿನ್ನ ಕಣ್ಣಲ್ಲಿ ಎಂತದೂ ಇಲ್ಲ’ ಎಂದು ತಮ್ಮ ನನ್ನ ಎದುರು ನಿಂತು, ಅವನದೇ ಬಾಯಿಂದ ಹೇಳಬೇಕು. ಹೇಳಿಸದೆ ಬಿಡುವುದಿಲ್ಲ ಎಂದು ಆ ದಿನ ತೀರ್ಮಾನ ಮಾಡಿದೆ.

ಅದೇ ಬೇಸಿಗೆ ರಜೆಯಲ್ಲಿ ಡ್ರಾಯಿಂಗ್ ಟೀಚರುಗಳಿಗೆ ಕೊಡಿಯಾಲ್‌ಬೈಲಿನಲ್ಲಿ ಮೂರು ದಿನದ ತರಬೇತಿ ಇತ್ತು. ಗಡ್ಡ ಬಿಟ್ಟ ಒಬ್ಬ ಹುಡುಗ, ನಮ್ಮ ಅರ್ಧ ವಯಸ್ಸಿನವನು, ಎದುರು ನಿಂತು ಕೈ ಬೀಸಿ ಹೇಳಿದ: “ಎಲ್ಲರೂ ಒಂದೊಂದು ಆತ್ಮಚಿತ್ರ ಮಾಡ್ಬೇಕು. ಕನ್ನಡಿಯಲ್ಲಿ ಕಾಣುವ ಹಾಗೆ ಬೇಡ. ನಿಮ್ಮೊಳಗೆ ಎಷ್ಟು ಜನ ಇದ್ದಾರೋ ಅಷ್ಟೂ ಜನ ಒಂದೇ ಚಿತ್ರದಲ್ಲಿ ಬರ್ಬೇಕು. ಎಕ್ಸ್‌ಪೆರಿಮೆಂಟ್ ಮಾಡಿ.”

ಪಕ್ಕದ ಟೀಚರ್ ನನ್ನ ಕಿವಿಯಲ್ಲಿ, “ಎಂತ ಸಾವು ಮಾರಾಯ್ತಿ, ಒಂದು ಮುಖ ಬರೆಯುವುದೇ ಕಷ್ಟ, ಇನ್ನು ನಾಲ್ಕು ಬರೆಯುವುದಾ” ಎಂದರು. ನಾನೂ ನಕ್ಕೆ. ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಮೊಟ್ಟೆಯಾಕಾರ ಬರೆಸಿ, ಅದನ್ನು ಅರ್ಧ ಮಾಡಿ, ಆ ಗೆರೆಯ ಮೇಲೆ ಕಣ್ಣು ಕೂರಿಸಲು ಕಲಿಸಿದವಳು ನಾನು. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ರಸ್ತೆ ಬದಿಯಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಮೂರನೇ ಮಹಡಿಯಲ್ಲಿ ದೃಷ್ಟಿ ಬೊಂಬೆ ನಾಲಿಗೆ ಚಾಚಿಕೊಂಡು ತೂಗುತ್ತಿತ್ತು. ನೋಡುತ್ತಿದ್ದ ಹಾಗೆ ಇಡೀ ಯೋಜನೆ ತಲೆಗೆ ಬಂತು. ಖುಷಿಯಲ್ಲಿ ನನ್ನ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಹೋದೆ.

ನಾಲ್ಕಡಿ ಉದ್ದ, ಮೂರಡಿ ಅಗಲದ ಪ್ಲೈವುಡ್ ತಂದೆ. ಮಳೆಗಾಲ ತಡೆಯಬೇಕಲ್ಲ, ಅದಕ್ಕೆ ಗೇಟಿಗೆ ಬಳಿಯುವ ಎನಾಮಲ್ ಬಣ್ಣ. ಚಾವಡಿಯ ನೆಲಕ್ಕೆ ಹಳೆಯ ಪೇಪರ್ ಹಾಸಿ, ಅಮ್ಮನ ಕೋಣೆಯ ಕನ್ನಡಿ ತಂದು ಎದುರಿಗೆ ಒರಗಿಸಿದೆ. ನಾಲ್ಕು ಮುಖ, ಐದು ಕಣ್ಣು. ಮೂರು ಮುಖಗಳಲ್ಲಿ ಒಂದರ ಬಲಗಣ್ಣೇ ಪಕ್ಕದ್ದರ ಎಡಗಣ್ಣು, ನಾಲ್ಕನೆಯದಕ್ಕೆ ಮಾತ್ರ ತನ್ನದೇ ಒಂದು ಕಣ್ಣು. ಮೊದಲನೆಯದು ಟೀಚರಿನದು, ಸೀಮೆಸುಣ್ಣದ ಪುಡಿ ಮೆತ್ತಿದ ಬಿಳಿಚು ಮುಖ. ಎರಡನೆಯದು ಅಮ್ಮನ ಹಾಸಿಗೆಯ ಬದಿಯಲ್ಲಿ ನಿದ್ದೆಗೆಟ್ಟದ್ದು, ಅದಕ್ಕೆ ನೀಲಿ ಬಳಿದೆ. ಮೂರನೆಯದು ಮದುವೆ ಮನೆಗಳಲ್ಲಿ “ನಿಮ್ಮ ಮದುವೆ ಊಟ ಯಾವಾಗ?” ಎಂದು ಕೇಳಿದವರಿಗೆಲ್ಲ ಮೂವತ್ತು ವರ್ಷ ಹಲ್ಲು ತೋರಿಸಿದ ಮುಖ. ಅದಕ್ಕೆ ಹಲ್ಲು ಜಾಸ್ತಿ ಹಾಕಿದೆ, ಮೂವತ್ತೆರಡಕ್ಕೆ ನಿಲ್ಲಲಿಲ್ಲ. ನಾಲ್ಕನೆಯದು, ಮಧ್ಯದ್ದು, ಎಲ್ಲಕ್ಕಿಂತ ದೊಡ್ಡದು, ತಮ್ಮನ ಹೆಂಡತಿ ನನಗೆ ದಾನ ಮಾಡಿದ ಮುಖ. ಕೆಟ್ಟ ಕಣ್ಣಿನವಳು. ಚಾಚಿದ ನಾಲಿಗೆ, ಕೋರೆ ಎಲ್ಲ ಇಟ್ಟೆ. ಮೀಸೆ ಬೇಡ ಎಂದುಕೊಂಡೆ, ಅದನ್ನು ದೇವರು ನನಗೆ ಮೊದಲೇ ಸ್ವಲ್ಪ ಕೊಟ್ಟಿದ್ದಾನೆ.

ಮೂರು ಮುಖ ನಾಲ್ಕು ದಿನದಲ್ಲಿ ಮುಗಿದವು. ನಾಲ್ಕನೆಯದರ ಕಣ್ಣು ಮಾತ್ರ ಬರಲೇ ಇಲ್ಲ. ಎಷ್ಟು ಗುಡ್ಡೆ ಉಬ್ಬಿಸಿದರೂ ಅಂಗಡಿಯ ಬೊಂಬೆಯ ಕಣ್ಣೇ ಆಗುತ್ತಿತ್ತು. ಒರೆಸಿದೆ, ಬರೆದೆ, ಒರೆಸಿದೆ. ಕೊನೆಗೆ ಕನ್ನಡಿಯ ಮುಂದೆ ಕುಳಿತು, ಕೆಟ್ಟ ಕಣ್ಣು ಹಾಕುವುದು ಹೇಗೆ ಎಂದು ಅಭ್ಯಾಸ ಮಾಡಿದೆ. ನಗಬೇಡಿ. ಐವತ್ತು ದಾಟಿದ ಹೆಂಗಸು ಬಾಗಿಲು ಹಾಕಿಕೊಂಡು ನನ್ನನ್ನೇ ನಾನು ದುರುಗುಟ್ಟಿ ನೋಡುತ್ತಿದ್ದೆ. ಏನೂ ಆಗದಿದ್ದಾಗ ಆ ಮನೆಯನ್ನೇ ಕಣ್ಣ ಮುಂದೆ ತಂದುಕೊಂಡೆ. ಬಾಗಿಲು, ಅಡುಗೆಮನೆ, ಮೇಲೆ ಹೋಗುವ ಮೆಟ್ಟಿಲು. ಆಮೇಲೆ, ತಮ್ಮ ಮೊದಲ ಸಲ ಮನೆಯ ಪ್ಲ್ಯಾನ್ ಬಿಡಿಸಿ ತೋರಿಸಿದ ದಿನ ನೆನಪಾಯಿತು. ಅಮ್ಮ ತೀರಿಕೊಂಡ ವಾರ ಅವನು, “ಅಕ್ಕ, ಮನೆ ಕಟ್ಟಿದ ಮೇಲೆ ನೀನು ನಮ್ಮ ಜೊತೆಗೇ ಇರ್ಬೇಕು” ಎಂದಿದ್ದ. ಹಾಗಾಗಿ ನಾನು ಆ ಪ್ಲ್ಯಾನಿನಲ್ಲಿ ನನ್ನ ಕೋಣೆ ಹುಡುಕಿದ್ದೆ. ಗಂಡ ಹೆಂಡಿರಿಗೆ ಒಂದು, ಮಗಳಿಗೆ ಒಂದು, ಬಂದವರಿಗೆ ಒಂದು. ಮತ್ತೊಂದು ಸಲ ಹುಡುಕಿದ್ದೆ. “ಚಂದ ಉಂಟು” ಎಂದು ಮಡಚಿ ಕೊಟ್ಟಿದ್ದೆ.

ಇದನ್ನು ನೆನೆಯುತ್ತಾ ಕನ್ನಡಿ ನೋಡಿದರೆ ಆ ಕಣ್ಣು ಬಂದು ಕುಳಿತಿತ್ತು. ಗುಡ್ಡೆಯೂ ಇಲ್ಲ, ಕೆಂಪೂ ಇಲ್ಲ. ಸಣ್ಣಗೆ, ಒಣಗಿ, ಪಕ್ಕದವರ ಎಲೆಗೆ ಬಡಿಸಿದ್ದನ್ನು ನೋಡುವ ಕಣ್ಣು. ನನಗೆ ನಾಚಿಕೆಯಾಯಿತು. ಆದರೂ ಬಿಡಲಿಲ್ಲ, ಹಾಗೇ ಬರೆದು ಮುಗಿಸಿದೆ.

ಕೆಳಗಿನ ಮನೆಯ ಯಜಮಾನ್ತಿ, ಬ್ಯಾರಿ ಮುಸ್ಲಿಂ ಹೆಂಗಸು, ಎಪ್ಪತ್ತರ ಹತ್ತಿರದವರು, ಎನಾಮಲ್ ವಾಸನೆಗೆ ಕೆಮ್ಮುತ್ತಾ ಮೇಲೆ ಬಂದರು. ಸೊಂಟಕ್ಕೆ ಕೈ ಕೊಟ್ಟು ತುಂಬ ಹೊತ್ತು ನೋಡಿದರು.

“ಟೀಚರೇ, ಈ ಮೂರು ಫೋಟೋ ತೆಗೆಯುವಾಗ ನಿಂತ ಹಾಗೆ ಉಂಟು. ನಡುವಿನದ್ದು ಮಾತ್ರ ನೀವು.”

“ಅದು ದೃಷ್ಟಿ ಬೊಂಬೆ, ಅಮ್ಮ.”

“ಎಂತದೋ. ನನಗೆ ಅದನ್ನು ನೋಡಿದ್ರೆ ನಿಮಗೆ ಊಟ ಕೊಡುವ ಅಂತ ಆಗ್ತದೆ.” ಹಾಗೆಂದು ಕೆಳಗೆ ಹೋಗಿ ನಿಜಕ್ಕೂ ಒಂದು ತಟ್ಟೆ ಅಕ್ಕಿರೊಟ್ಟಿಯಂಥ ಪತ್ತಿರಿ, ಮೀನು ಸಾರು ಕಳಿಸಿದರು. ನಾನು ಸಿಟ್ಟಿನಲ್ಲಿ ಎರಡು ಪತ್ತಿರಿ ಜಾಸ್ತಿಯೇ ತಿಂದೆ.

ತಮ್ಮ ಬೆಳಿಗ್ಗೆ ಹೊತ್ತು ಸೈಟಿನಲ್ಲಿ ಇರುವುದಿಲ್ಲ ಎಂದು ಗೊತ್ತಿತ್ತು. ಹಲಗೆಯನ್ನು ಹಳೆ ಸೀರೆಯಲ್ಲಿ ಸುತ್ತಿ ಆಟೋ ಮಾಡಿ ವಾಮಂಜೂರಿಗೆ ಹೋದೆ. ಅಲ್ಲಿ ಬೂದುಗುಂಬಳಕಾಯಿಯೊಂದು ಮಾತ್ರ ಕೊಳೆಯುತ್ತಾ ತೂಗುತ್ತಿತ್ತು. ಸೀರೆ ಬಿಚ್ಚಿದ್ದೇ ಕೆಲಸದವರೆಲ್ಲ ಸುತ್ತ ಸೇರಿದರು. ಮೇಸ್ತ್ರಿಗಂತೂ ಎಲ್ಲಿಲ್ಲದ ಸಂತೋಷ.

“ಅಬ್ಬ! ಇದರ ಎದುರು ಯಾವ ಕಣ್ಣೂ ತಡೆಯುವುದಿಲ್ಲ ಟೀಚರೇ. ನೀವೇ ಬರೆದದ್ದಾ?”

“ನಾನೇ. ರಸ್ತೆಗೆ ಕಾಣುವ ಹಾಗೆ ಕಟ್ಟಿ. ಒಂದು ಸಲ ಕಟ್ಟಿದರೆ ಮನೆ ಮುಗಿಯುವವರೆಗೆ ಬಿಚ್ಚಬಾರದು, ಗೊತ್ತುಂಟಲ್ಲ?”

“ಬಿಚ್ಚುವುದಾ? ಬಿಚ್ಚಿದರೆ ಕಟ್ಟಿದವನಿಗೇ ತಾಗ್ತದೆ. ನಾನು ಇರುವವರೆಗೆ ಯಾರೂ ಮುಟ್ಲಿಕ್ಕಿಲ್ಲ.”

ಮುಂಬಾಗಿಲ ಮೇಲೆ, ಬಿದ್ದ ಸನ್‌ಶೇಡಿನ ಜಾಗದಲ್ಲೇ, ಅವನು ಕೈಯಾರೆ ತಂತಿ ಬಿಗಿದ. ನನಗೆ ಬೇಕಾದದ್ದೂ ಅದೇ. ತಮ್ಮನ ಹೆಂಡತಿಗೆ ದೃಷ್ಟಿಯ ಭಯ ಎಷ್ಟಿದೆಯೋ ಅಷ್ಟೇ ಭಯ ದೃಷ್ಟಿ ಬೊಂಬೆ ಇಳಿಸಲೂ ಇದೆ. ಅವಳ ಕೈಯನ್ನು ಅವಳ ನಂಬಿಕೆಯ ಹಗ್ಗದಲ್ಲೇ ಕಟ್ಟಿ ಹಾಕಿದ್ದೆ. ಮನೆ ನೋಡಲು ನಾನು ಬರಬಾರದಂತೆ. ಸರಿ, ಬರುವುದಿಲ್ಲ. ಮನೆಯೇ ನನ್ನ ಮುಖ ಹೊತ್ತುಕೊಂಡು ನಿಲ್ಲಲಿ. ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕೆ, ಪಕ್ಕದಲ್ಲಿ ಕುಳಿತ ಹೆಂಗಸು ತನ್ನ ಬ್ಯಾಗ್ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಆ ಸಂಜೆಯೇ ಫೋನು ಬಂತು.

“ಅಕ್ಕ, ಎಂತ ಇದು? ನಿನ್ನ ಮುಖ ಅಲ್ವಾ ಅದು?”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತು ನಿನ್ನದು. ಬೊಂಬೆ ಮಾರಾಯ, ಬೊಂಬೆ. ನಿನ್ನ ಮನೆಗೆ ಒಳ್ಳೆಯದಾಗ್ಲಿ ಅಂತ ಕೊಟ್ಟದ್ದು.”

“ಅವಳು ಅಳ್ತಿದ್ದಾಳೆ.”

“ಮೇಸ್ತ್ರಿ ಹತ್ರ ಇಳಿಸ್ಲಿಕ್ಕೆ ಹೇಳು.” ಫೋನ್ ಇಟ್ಟೆ. ಆ ದಿನ ಎರಡು ಲೋಟ ಚಹಾ ಕುಡಿದೆ, ಎರಡಕ್ಕೂ ಸಕ್ಕರೆ ಹಾಕಿಕೊಂಡು.

ಮೊದಲ ಎರಡು ತಿಂಗಳು ಸ್ವರ್ಗ. ಅವಳ ಕಡೆಯ ನೆಂಟರು ಮನೆ ನೋಡಲು ಬಂದವರು ರಸ್ತೆಯಲ್ಲೇ ನಿಂತು, “ಇದು ನಿಮ್ಮ ಟೀಚರ್ ಅಲ್ವಾ?” ಎಂದು ಕೇಳಿದರಂತೆ. ಪಕ್ಕದ ಕಾಲೇಜಿನ ಹುಡುಗ ಹುಡುಗಿಯರು ಅದರ ಕೆಳಗೆ ನಾಲಿಗೆ ಚಾಚಿ ಸೆಲ್ಫಿ ತೆಗೆದರಂತೆ. ಇದೆಲ್ಲ ನನಗೆ ಮೇಸ್ತ್ರಿಯ ಬಾಯಿಂದ ತಿಳಿಯುತ್ತಿತ್ತು, ನಾನು ವಾರಕ್ಕೊಮ್ಮೆ ಅವನಿಗೆ ಫೋನ್ ಮಾಡುತ್ತಿದ್ದೆ. ಒಂದೊಂದು ಸುದ್ದಿಯನ್ನೂ ಕಡ್ಲೆಮಿಠಾಯಿಯ ಹಾಗೆ ನಿಧಾನಕ್ಕೆ ಚಪ್ಪರಿಸಿದೆ. ತಮ್ಮ ಮಾತ್ರ ಬರಲಿಲ್ಲ, ಹೇಳಬೇಕಾದ ಮಾತನ್ನೂ ಹೇಳಲಿಲ್ಲ.

ಆಮೇಲೆ ಹಾಳಾದ್ದು ಎಲ್ಲ ತಿರುಗಿ ಬಿತ್ತು. ಬೊಂಬೆ ಕಟ್ಟಿದ ಮೇಲೆ ಆ ಮನೆಯಲ್ಲಿ ಒಂದು ಇಟ್ಟಿಗೆಯೂ ಬೀಳಲಿಲ್ಲ. ಜೋರು ಮಳೆಯಲ್ಲೂ ಗೋಡೆ ಸೋರಲಿಲ್ಲ. ಬಾವಿಯಲ್ಲಿ ಸಿಹಿನೀರು ಬಂತು. ಒಂದು ದಿನ ತಮ್ಮನ ಹೆಂಡತಿಯೇ ಫೋನ್ ಮಾಡಿದಳು. ದನಿಯಲ್ಲಿ ಬೆಣ್ಣೆ.

“ಅಕ್ಕ, ಬೇಸರ ಇಲ್ಲ ಅಲ್ವಾ? ಒಂದು ಸಹಾಯ ಬೇಕಿತ್ತು. ಇವರ ಕಾರಿಗೆ ಒಂದು ಸಣ್ಣದು ಬರೆದು ಕೊಡ್ತೀರಾ? ಅಂಗಡಿಯದ್ದರಲ್ಲಿ ಅಷ್ಟು ಶಕ್ತಿ ಇಲ್ಲ. ನಿಮ್ಮ ಕಣ್ಣಿನ ಎದುರು ಬೇರೆ ಯಾರ ಕಣ್ಣೂ ನಿಲ್ಲುವುದಿಲ್ಲ ಅಕ್ಕ.”

ನೋಡುವ ಎಂದು ಫೋನ್ ಇಟ್ಟೆ. ಅವಳನ್ನು ನಾಚಿಸಲು ಹೋಗಿ ಅವಳ ಮಾತಿಗೆ ನಾನೇ ಸಾಕ್ಷಿ ಹಾಕಿದ್ದೆ. ಮೊದಲು ಅದು ಅವಳೊಬ್ಬಳ ಅನುಮಾನವಾಗಿತ್ತು, ಈಗ ವಾಮಂಜೂರಿಗೇ ಗೊತ್ತಿರುವ ಸತ್ಯ. ಇನ್ನು ನನ್ನ ತಮ್ಮ ಆ ಮಾತು ಹೇಳುವುದು ಎಲ್ಲಿಂದ ಬಂತು! ಸೇಡು ತೀರಿಸಲು ಹೊರಟವಳಿಗೆ ಇಷ್ಟೂ ಬುದ್ಧಿ ಬೇಡವೇ? ಬಣ್ಣದ ಡಬ್ಬಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಎಸೆದೆ.

ಜನವರಿಯಲ್ಲಿ ಗೃಹಪ್ರವೇಶ ನಿಶ್ಚಯವಾಯಿತು. ಹಿಂದಿನ ದಿನ ಮಧ್ಯಾಹ್ನ ತಮ್ಮ ಕಾರು ತಂದು ನನ್ನ ಶಾಲೆಯ ಗೇಟಿನಲ್ಲಿ ನಿಂತಿದ್ದ.

“ಅಕ್ಕ, ನೀನೇ ಬಂದು ಅದನ್ನು ಇಳಿಸ್ಬೇಕು. ಮೇಸ್ತ್ರಿ ಒಪ್ಪುವುದಿಲ್ಲ, ಕೆಲಸದವರು ಹತ್ತಿರ ಹೋಗುವುದಿಲ್ಲ. ನಾಳೆ ಭಟ್ಟರು ಬರುವ ಮೊದಲು ತೆಗೆಯಲೇಬೇಕು.”

ಹೋದೆ. ಎಂಟು ತಿಂಗಳ ನಂತರ ಆ ಅಂಗಳಕ್ಕೆ ಕಾಲಿಟ್ಟೆ. ಬಿಸಿಲಿಗೆ ಟೀಚರಿನ ಬಿಳಿ ಹಳದಿಯಾಗಿತ್ತು, ಹಲ್ಲುಗಳು ಕೆಲವು ಉದುರಿದ್ದವು. ನಡುವಿನ ಕಣ್ಣು ಮಾತ್ರ ಹಾಗೇ ಇತ್ತು. ಏಣಿ ತಯಾರಿತ್ತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಆಮೇಲೆ ಬೇಡ ಅನ್ನಿಸಿತು.

“ನೀನೇ ಹತ್ತು,” ಎಂದೆ.

“ನಾನಾ?”

“ಯಾಕೆ, ಅಕ್ಕನ ಮುಖ ಮುಟ್ಲಿಕ್ಕೆ ಹೆದರಿಕೆಯಾ?”

ಹತ್ತಿದ. ತಂತಿ ಬಿಚ್ಚಿ, ಹಲಗೆಯನ್ನು ಎದೆಗೆ ಒತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿದ. ಕೆಳಗೆ ಬಂದು ಬೆವರು ಒರೆಸಿಕೊಂಡು, “ಈಗ ಎಂತ ಮಾಡುವುದು ಅಕ್ಕ?” ಎಂದು ಕೇಳಿದ.

“ಕ್ರಮ ಗೊತ್ತಿಲ್ವಾ? ದೃಷ್ಟಿ ಬೊಂಬೆಯನ್ನು ಸುಡ್ಬೇಕು. ಬೆಂಕಿ ನೀನೇ ಇಡು. ಹೇಗೂ ನಾಳೆ ನನಗೆ ಕೊಳ್ಳಿ ಇಡುವವನು ನೀನೇ ಅಲ್ವಾ, ಮಕ್ಕಳು ಮರಿ ಇಲ್ಲದವಳು. ಈಗಲೇ ಅಭ್ಯಾಸ ಮಾಡಿಕೋ.”

ಶುಭಕಾರ್ಯದ ಮನೆಯಲ್ಲಿ ಆಡುವ ಮಾತಲ್ಲ ಅದು. ಆಡಬೇಕೆಂದೇ ಆಡಿದೆ. ಪಶ್ಚಾತ್ತಾಪವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ತಮ್ಮ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಜಲ್ಲಿ ರಾಶಿಯ ಮೇಲೆ ಕುಸಿದು ಕುಳಿತ. ಸಣ್ಣ ಮಗುವಿನ ಹಾಗೆ ಮೂಗು ಸೊರಸೊರ ಮಾಡುತ್ತಾ ಅತ್ತ.

“ನಿನ್ನ ಕಣ್ಣಲ್ಲಿ ಎಂತದೂ ಇಲ್ಲ ಅಕ್ಕ,” ಎಂದ. “ಆ ಸನ್‌ಶೇಡಿಗೆ ಆಧಾರ ಕೊಟ್ಟ ಸೆಂಟ್ರಿಂಗ್ ಹಲಗೆ ಬೇಗ ಬಿಚ್ಚಿದ್ದು, ಕಾಂಕ್ರೀಟ್ ಇನ್ನೂ ಒಣಗಿರ್ಲಿಲ್ಲ. ಮೇಸ್ತ್ರಿ ಆವತ್ತೇ ನನ್ನ ಹತ್ರ ತಪ್ಪು ಒಪ್ಪಿಕೊಂಡಿದ್ದ. ಅವಳು ಅಷ್ಟರಲ್ಲಿ ನಿನ್ನ ಹೆಸರು ಹೇಳಿಯಾಗಿತ್ತು. ನಾನು ಸುಮ್ಮನಿದ್ದೆ.”

ಎಂಟು ತಿಂಗಳು ಕಾದ ಮಾತು ಬಂತು, ಬಂದದ್ದು ಹೀಗೆ. ಕುದ್ರೋಳಿಗೆ ಬಂದು ನನ್ನ ಚಹಾ ಕುಡಿಯುವಾಗಲೇ ಇವನಿಗೆ ಎಲ್ಲ ಗೊತ್ತಿತ್ತು. ಅವನ ಕೆನ್ನೆಗೆ ಬಾರಿಸಲು ಎತ್ತಿದ ಕೈ ಹಾಗೇ ನಿಂತಿತು. ಅವನ ಮಡಿಲಿನಿಂದ ಆ ಕಣ್ಣು ನನ್ನನ್ನೇ ನೋಡುತ್ತಿತ್ತು. ಅದನ್ನು ಬರೆದವಳು ನಾನು, ಅದರೆದುರು ನಿಂತು ಸುಳ್ಳಿಗೆ ತಲೆ ಆಡಿಸಲು ಆಗಲಿಲ್ಲ.

“ಉಂಟು,” ಎಂದೆ. “ನನ್ನ ಕಣ್ಣಲ್ಲಿ ಉಂಟು. ನಿನ್ನ ಸನ್‌ಶೇಡಿಗೆ ಅಲ್ಲ. ಅಮ್ಮ ತೀರಿಕೊಂಡ ವಾರ ನೀನು ಹೇಳಿದ್ದಿ, ನಿಮ್ಮ ಜೊತೆಗೇ ಇರ್ಬೇಕು ಅಂತ. ಪ್ಲ್ಯಾನಲ್ಲಿ ನನಗೊಂದು ಕೋಣೆ ಉಂಟಾ ಅಂತ ಎರಡು ಸಲ ಹುಡುಕಿದೆ. ಆವತ್ತಿನಿಂದ ಉಂಟು.”

ಅವನು ತಲೆ ತಗ್ಗಿಸಿದ. ಬಾಗಿಲಲ್ಲಿ ಅವನ ಹೆಂಡತಿ ಬಂದು ನಿಂತಿದ್ದಳು, ಯಾವಾಗ ಬಂದಳೋ. ಅವಳ ಕಣ್ಣೂ ಒದ್ದೆಯಾಗಿತ್ತು. ಕೆಟ್ಟವಳಲ್ಲ ಅವಳು, ಈಗಲೂ ಹೇಳುತ್ತೇನೆ. ಮನಸಾರೆ, ಒಂದು ಹೆಜ್ಜೆ ಮುಂದೆ ಬಂದು ಹೇಳಿದಳು:

“ಅಯ್ಯೋ ಅಕ್ಕ, ಅಷ್ಟೇ ಅಲ್ವಾ? ಗೆಸ್ಟ್ ರೂಮ್ ಉಂಟಲ್ಲ. ನಿಮಗೆ ಯಾವಾಗ ಬೇಕೋ ಆಗ ಬಂದು ಇರಿ.”

ತಮ್ಮ ಏನಾದರೂ ಹೇಳುತ್ತಾನೆಂದು ಕಾದೆ. ಅವನು ಅಂಗೈಯಿಂದ ಕಣ್ಣೊರೆಸಿಕೊಂಡು, ಸಮಾಧಾನವಾದವನ ಹಾಗೆ ಹೆಂಡತಿಯ ಮುಖ ನೋಡಿದ. ನಾನು ಹಲಗೆಯನ್ನು ಅವನ ಮಡಿಲಿನಿಂದ ಎತ್ತಿಕೊಂಡೆ. ರಸ್ತೆಯವರೆಗೆ ಹಿಡಿಯಲು ಬಂದ, ಬೇಡ ಎಂದೆ. ಆಟೋದಲ್ಲಿ ಅದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕುದ್ರೋಳಿಗೆ ಬಂದೆ.

ಮರುದಿನ ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಬಂತು. ಗೃಹಪ್ರವೇಶಕ್ಕೆ ನಾನು ಹೋಗಲಿಲ್ಲ. ಅದು ಗೆಸ್ಟ್‌ಗಳು ಹೋಗುವ ಕಾರ್ಯಕ್ರಮ.